ಒಂದು ಕಾಲುವೆಗೆ ನಾಲ್ಕು ತೂಬು



ಹೊಸ ಲ್ಯಾಪ್‌ಟಾಪ್ ಮನೆಗೆ ಬಂದ ವಾರದೊಳಗಾಗಿಯೇ ಅನೇಕ ಕುಟುಂಬಗಳಲ್ಲಿ ಒಂದು ಸಣ್ಣ ತಕರಾರು ಹುಟ್ಟಿಕೊಳ್ಳುತ್ತದೆ. ಯಂತ್ರವು ತೆಳ್ಳಗಿದೆ, ಹಗುರವಾಗಿದೆ, ನೋಡಲೂ ಅಂದವಾಗಿದೆ. ಆದರೆ ಅದರ ಅಂಚಿನಲ್ಲಿ ತಂತಿ ಜೋಡಿಸಲು ಇರುವ ಯುಎಸ್‌ಬಿ ಕಿಂಡಿಗಳು ಎರಡು, ಬಹಳವಾದರೆ ಮೂರು. ಮೌಸ್ ಒಂದನ್ನು ಹಿಡಿಯಿತು, ಪ್ರಿಂಟರ್ ಮತ್ತೊಂದನ್ನು ಹಿಡಿಯಿತು. ಮಗಳು ಪಾಠದ ಪೆನ್ ಡ್ರೈವ್ ಹಾಕಬೇಕೆಂದರೂ, ತಂದೆಯವರು ಸಂಘದ ಲೆಕ್ಕಪತ್ರ ಸಲ್ಲಿಸಲು ಡಿಜಿಟಲ್ ಸಹಿಯ ಟೋಕನ್ ಚುಚ್ಚಬೇಕೆಂದರೂ ಮೊದಲಿದ್ದ ಯಾವುದನ್ನಾದರೂ ಕಿತ್ತೇ ಆಗಬೇಕು. ಆಗ ಯಾರೋ ಒಬ್ಬರು, ‘ಒಂದು ಹಬ್ ತಂದರಾಯಿತು’ ಎನ್ನುತ್ತಾರೆ. ಅಂಗಡಿಗೆ ಹೋದರೆ ಎರಡು ಮೂರು ನೂರು ರೂಪಾಯಿಯ ಹಬ್ಬೂ ಇದೆ, ಹತ್ತು ಸಾವಿರ ದಾಟುವುದೂ ಇದೆ. ಎಲ್ಲವೂ ಮೇಲ್ನೋಟಕ್ಕೆ ಒಂದೇ ಬಗೆ: ಒಂದು ಬಾಲ, ನಾಲ್ಕು ಬಾಯಿ. ಇವುಗಳಲ್ಲಿ ಯಾವುದನ್ನು ಆರಿಸಬೇಕೆಂಬ ವಿಷಯವನ್ನು ಈ ತಿಂಗಳು ಎತ್ತಿಕೊಂಡಿದ್ದೇವೆ.

ಕಿಂಡಿಗಳು ಹೀಗೆ ಕಡಿಮೆಯಾದುದಕ್ಕೂ ಒಂದು ಇತಿಹಾಸವುಂಟು. 1990ರ ದಶಕದ ಮೊದಲರ್ಧದಲ್ಲಿ ಗಣಕಯಂತ್ರದ ಬೆನ್ನಿನ ಮೇಲೆ ಕೀಲಿಮಣೆಗೆ ಒಂದು ಬಗೆಯ ಕಿಂಡಿ, ಪ್ರಿಂಟರಿಗೆ ಇನ್ನೊಂದು ಬಗೆ, ಮೋಡೆಮ್‌ಗೆ ಮತ್ತೊಂದು ಬಗೆ ಇರುತ್ತಿತ್ತು. ಈ ಗೊಂದಲವನ್ನು ನಿವಾರಿಸಲು ಇಂಟೆಲ್, ಮೈಕ್ರೋಸಾಫ್ಟ್, ಐಬಿಎಂ, ಕಾಂಪ್ಯಾಕ್ ಮೊದಲಾದ ಏಳು ಸಂಸ್ಥೆಗಳು ಕೂಡಿ 1996ರಲ್ಲಿ ಎಲ್ಲಕ್ಕೂ ಸಲ್ಲುವ ಒಂದೇ ಕಿಂಡಿಯ ನಿಯಮಾವಳಿಯನ್ನು ಹೊರತಂದವು. ಅದೇ ಯುಎಸ್‌ಬಿ. ಇಂಟೆಲ್‌ನಲ್ಲಿ ಈ ಕಾರ್ಯದ ಮುಂದಾಳುಗಳಲ್ಲಿ ಒಬ್ಬರಾಗಿದ್ದ ಅಜಯ್ ಭಟ್ ಅವರು ಬರೋಡೆಯ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಓದಿದ ಭಾರತೀಯರು ಎಂಬುದನ್ನು ಇಲ್ಲಿ ಸಂತೋಷದಿಂದ ಸ್ಮರಿಸಬಹುದು. 2014ರಲ್ಲಿ ಟೈಪ್-ಸಿ ಎಂಬ, ಯಾವ ಮಗ್ಗುಲಾಗಿ ಚುಚ್ಚಿದರೂ ಸೇರುವ ಪುಟ್ಟ ಕಿಂಡಿ ಬಂದಿತು. ಮರುವರ್ಷವೇ ಆಪಲ್ ಸಂಸ್ಥೆಯು ವಿದ್ಯುತ್ತಿಗೂ ದತ್ತಾಂಶಕ್ಕೂ ಪರದೆಗೂ ಸೇರಿ ಒಂದೇ ಒಂದು ಟೈಪ್-ಸಿ ಕಿಂಡಿಯುಳ್ಳ ಮ್ಯಾಕ್‌ಬುಕ್ಕನ್ನು ಮಾರುಕಟ್ಟೆಗೆ ಬಿಟ್ಟಿತು. ಯಂತ್ರವನ್ನು ತೆಳುವಾಗಿಸುವ ಭರದಲ್ಲಿ ಉಳಿದ ಸಂಸ್ಥೆಗಳೂ ಒಂದೊಂದಾಗಿ ಕಿಂಡಿಗಳನ್ನು ಕಡಿಮೆ ಮಾಡುತ್ತ ಬಂದವು. ಅವರು ಉಳಿಸಿದ ಜಾಗಕ್ಕೆ ನಾವು ಪ್ರತ್ಯೇಕವಾಗಿ ದುಡ್ಡು ತೆರುವಂತಾಯಿತು ಎಂದರೆ ತಪ್ಪಾಗಲಾರದು.

ಹಬ್ ಎಂದರೆ ಬಂಡಿಯ ಗಾಲಿಯ ನಡುವಿನ ಗುಂಬ. ಗಾಲಿಯ ಕಡ್ಡಿಗಳೆಲ್ಲ ಅಲ್ಲಿ ಬಂದು ಸೇರುವಂತೆ ಹಲವು ಉಪಕರಣಗಳು ಈ ಪೆಟ್ಟಿಗೆಯಲ್ಲಿ ಬಂದು ಸೇರಿ, ಒಂದೇ ತಂತಿಯ ಮೂಲಕ ಲ್ಯಾಪ್‌ಟಾಪನ್ನು ಮುಟ್ಟುತ್ತವೆ. ಆದರೆ ಗುಂಬಕ್ಕಿಂತಲೂ ಕಾಲುವೆಯ ಹೋಲಿಕೆ ಇಲ್ಲಿ ಹೆಚ್ಚು ಹೊಂದುತ್ತದೆಂದು ನಮಗೆ ತೋರುತ್ತದೆ. ಒಂದು ಕಾಲುವೆಗೆ ಒಂದು ತೂಬಿರಲಿ, ನಾಲ್ಕು ತೂಬಿರಲಿ, ಹತ್ತು ತೂಬಿರಲಿ, ಮೇಲಿನಿಂದ ಹರಿದು ಬರುವ ನೀರು ಅಷ್ಟೇ. ತೂಬು ಹೆಚ್ಚಿಸಿದ ಮಾತ್ರಕ್ಕೆ ನೀರು ಹೆಚ್ಚುವುದಿಲ್ಲ. ಮೇಲಿನವನು ಪೂರ್ತಿ ಎತ್ತಿಕೊಂಡರೆ ಕೊನೆಯವನ ಹೊಲ ಒಣಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದಲ್ಲಿ ಜಮೀನಿರುವ ನಮ್ಮ ರಾಯಚೂರು ಕಡೆಯ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ. ಹಬ್ ಎಂಬುದು ಹೊಸ ನೀರನ್ನು ತರುವ ವಸ್ತುವಲ್ಲ, ಇರುವುದನ್ನು ಹಂಚುವ ವಸ್ತು. ಹಂಚಿಕೆಗೆ ಒಳಪಡುವುದು ಎರಡು: ದತ್ತಾಂಶ ಹರಿಯುವ ವೇಗ ಮತ್ತು ವಿದ್ಯುತ್ತು. ಕೊಳ್ಳುವವರು ಸಾಮಾನ್ಯವಾಗಿ ಕಿಂಡಿಗಳನ್ನು ಎಣಿಸುತ್ತಾರೆ. ತಿಳಿದವರು ವೇಗವನ್ನು ಕೇಳುತ್ತಾರೆ. ವಿದ್ಯುತ್ತನ್ನು ಕೇಳುವವರು ವಿರಳ. ಕೆಟ್ಟ ಪರಿಣಾಮಗಳೆಲ್ಲ ಬಹುತೇಕ ಹುಟ್ಟುವುದು ಈ ಕೊನೆಯದರಿಂದಲೇ ಆದ್ದರಿಂದ ನಾವು ಅಲ್ಲಿಂದಲೇ ಆರಂಭಿಸುತ್ತೇವೆ.

ಹಳೆಯ ಯುಎಸ್‌ಬಿ 2.0 ಕಿಂಡಿಯು ನಿಯಮದಂತೆ 5 ವೋಲ್ಟಿನಲ್ಲಿ 500 ಮಿಲಿಆಂಪಿಯರ್, ಅಂದರೆ ಎರಡೂವರೆ ವ್ಯಾಟ್ ವಿದ್ಯುತ್ತನ್ನು ಕೊಡುತ್ತದೆ. 2008ರಲ್ಲಿ ಬಂದ ಯುಎಸ್‌ಬಿ 3.0 ಕಿಂಡಿಯು 900 ಮಿಲಿಆಂಪಿಯರ್, ಅಂದರೆ ನಾಲ್ಕೂವರೆ ವ್ಯಾಟ್ ಕೊಡುತ್ತದೆ. ಸ್ವಂತ ಅಡಾಪ್ಟರ್ ಇಲ್ಲದ ಹಬ್ ಈ ಒಂದು ಕಿಂಡಿಯ ಪಾಲಿನಲ್ಲಿಯೇ ತಾನೂ ಉಂಡು, ತನ್ನ ನಾಲ್ಕು ಬಾಯಿಗಳಿಗೂ ಬಡಿಸಬೇಕು. ನಿಯಮಾವಳಿಯ ಪ್ರಕಾರ ಅಂತಹ ಹಬ್ಬಿನ ಒಂದೊಂದು ಬಾಯಿಗೆ ದಕ್ಕುವುದು 2.0 ಆದರೆ 100 ಮಿಲಿಆಂಪಿಯರ್, 3.0 ಆದರೆ 150 ಮಿಲಿಆಂಪಿಯರ್ ಮಾತ್ರ. ಮಾರುಕಟ್ಟೆಯ ಅಗ್ಗದ ಹಬ್‌ಗಳು ಈ ಲೆಕ್ಕವನ್ನು ಕಟ್ಟುನಿಟ್ಟಾಗಿ ಇಟ್ಟುಕೊಳ್ಳದೆ, ಮೊದಲು ಕೇಳಿದವರಿಗೆ ಕೇಳಿದಷ್ಟು ಬಿಟ್ಟುಬಿಡುತ್ತವೆ. ಅದು ಉದಾರವಾಗಿ ಕಂಡರೂ ಒಳ್ಳೆಯದಲ್ಲ.

ಮೌಸ್ ಮತ್ತು ಕೀಲಿಮಣೆ ಅಲ್ಪತೃಪ್ತರು. 100 ಮಿಲಿಆಂಪಿಯರಿನೊಳಗೆ ಅವುಗಳ ಕೆಲಸ ನಡೆಯುತ್ತದೆ. ಡಿಜಿಟಲ್ ಸಹಿಯ ಟೋಕನ್ನೂ ಅದೇ ಗುಂಪಿಗೆ ಸೇರಿದ್ದು. ಪ್ರಿಂಟರ್ ನೋಡಲು ದೊಡ್ಡದಾದರೂ ಗೋಡೆಯ ಪ್ಲಗ್ಗಿನಿಂದ ತನ್ನ ಬುತ್ತಿಯನ್ನು ತಾನೇ ತಂದುಕೊಳ್ಳುವ ಅತಿಥಿ. ಹಬ್‌ಗೆ ಅದರಿಂದ ಭಾರವಿಲ್ಲ. ಪೆನ್ ಡ್ರೈವ್ ಮಧ್ಯಮ ವರ್ಗ. ಹೊರಗಿನ ಹಾರ್ಡ್ ಡಿಸ್ಕ್ ಮಾತ್ರ ಬೇರೆಯೇ ಜಾತಿಯದು. ಅದರೊಳಗೆ ನಿಜವಾಗಿಯೂ ಒಂದು ತಟ್ಟೆ ಮೋಟಾರಿನಿಂದ ತಿರುಗುತ್ತಿರುತ್ತದೆ. ನಿಂತ ತಟ್ಟೆಯನ್ನು ತಿರುಗಿಸಲು ಆರಂಭಿಸುವ ಆ ಕೆಲವು ಕ್ಷಣಗಳಲ್ಲಿ ಅದು ಒಂದು ಕಿಂಡಿಯ ಪೂರ್ಣ ಪಾಲನ್ನೂ ಒಂಟಿಯಾಗಿ ಎಳೆದುಕೊಳ್ಳಬಲ್ಲದು. ಎತ್ತು ನಿಂತ ಬಂಡಿಯನ್ನು ಎಳೆಯತೊಡಗುವಾಗ ಹಾಕುವ ಬಲಕ್ಕೂ ಹೊರಟ ಬಂಡಿಗೆ ಹಾಕುವ ಬಲಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ. ವಿದ್ಯುತ್ತು ಸಾಲದೆ ಹೋದಾಗ ಡಿಸ್ಕ್ ‘ಟಿಕ್ ಟಿಕ್’ ಎಂದು ಸದ್ದು ಮಾಡಿ ನಿಲ್ಲುತ್ತದೆ. ಇಲ್ಲವೇ ಪರದೆಯ ಮೇಲೆ ಕಾಣಿಸಿಕೊಂಡು ಮಾಯವಾಗುತ್ತದೆ. ಇಲ್ಲವೇ, ಇದೇ ಎಲ್ಲಕ್ಕಿಂತ ಅಪಾಯಕರವಾದದ್ದು, ಅರ್ಧ ಗಂಟೆ ಸರಿಯಾಗಿ ನಡೆದು, ಬರೆಯುತ್ತಿರುವಾಗಲೇ ನಡುವೆ ಕಳಚಿಕೊಳ್ಳುತ್ತದೆ.

ಇದು ಸಣ್ಣ ಮಾತಲ್ಲ. ಇಂದು ನಮ್ಮ ಮನೆಗಳ ಹಾರ್ಡ್ ಡಿಸ್ಕ್‌ಗಳಲ್ಲಿ ಇರುವುದೇನು? ಮಕ್ಕಳ ಲಿಂಗದೀಕ್ಷೆಯ ಚಿತ್ರಗಳು, ಗುರುಪ್ರವೇಶದ ವಿಡಿಯೋ, ಲಿಂಗೈಕ್ಯರಾದ ಹಿರಿಯರ ಧ್ವನಿ, ಜಮೀನಿನ ದಾಖಲೆಗಳ ಪ್ರತಿ. ಕೆಲವು ಮಠಗಳಲ್ಲಿ, ಮನೆತನಗಳಲ್ಲಿ ತಲೆಮಾರುಗಳಿಂದ ಕಾಯ್ದುಕೊಂಡು ಬಂದ ತಾಡೋಲೆಗಳನ್ನೂ ಕೈಬರಹದ ಕಾಗದದ ಕಟ್ಟುಗಳನ್ನೂ ಛಾಯಾಚಿತ್ರ ತೆಗೆದು ಡಿಸ್ಕಿನಲ್ಲಿ ಇರಿಸುವ ಕೆಲಸ ನಡೆದಿದೆ. ಡಾ. ಫ.ಗು. ಹಳಕಟ್ಟಿಯವರು ಊರೂರು ಅಲೆದು ತಾಡೋಲೆಗಳನ್ನು ಕೂಡಿಹಾಕಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಅಚ್ಚಿನಲ್ಲಿ ತರದೆ ಹೋಗಿದ್ದರೆ ನಮ್ಮ ಕೈಗೆ ಎಷ್ಟು ಉಳಿಯುತ್ತಿತ್ತೆಂಬುದನ್ನು ಹಿರಿಯ ಓದುಗರು ಬಲ್ಲರು. ಆ ಬಗೆಯ ಸಾಮಗ್ರಿಯನ್ನು ಇಂದು ಮುನ್ನೂರು ರೂಪಾಯಿಯ ಹಬ್‌ಗೆ ತೂಗಿಹಾಕಿ, ರಾತ್ರಿಯಿಡೀ ಪ್ರತಿಯಾಗಲೆಂದು ಬಿಟ್ಟು ಮಲಗುವವರನ್ನು ಕಂಡಾಗ ನಮಗೆ ಕಳವಳವಾಗುತ್ತದೆ. ಬರೆಯುವ ನಡುವೆ ಡಿಸ್ಕ್ ಕಳಚಿಕೊಂಡರೆ ಆ ಕ್ಷಣದಲ್ಲಿ ಬರೆಯುತ್ತಿದ್ದ ಕಡತವಷ್ಟೇ ಅಲ್ಲ, ಯಾವ ಕಡತ ಎಲ್ಲಿದೆಯೆಂದು ಡಿಸ್ಕ್ ತನ್ನೊಳಗೆ ಇಟ್ಟುಕೊಂಡಿರುವ ಸೂಚಿಯೂ ಕೆಡಬಹುದು. ಗ್ರಂಥಗಳೆಲ್ಲ ಇದ್ದು ಗ್ರಂಥಾಲಯದ ಸೂಚಿ ಸುಟ್ಟಂತೆ ಆಗುತ್ತದೆ.

ಆದ್ದರಿಂದ ಹಬ್ ಯಾವುದೇ ಇರಲಿ, ಮೊದಲು ಪಾಲಿಸಬೇಕಾದ ಕ್ರಮವೊಂದನ್ನು ಹೇಳುತ್ತೇವೆ. ಲ್ಯಾಪ್‌ಟಾಪಿನ ಸ್ವಂತ ಕಿಂಡಿಗಳಲ್ಲಿ ಒಂದನ್ನು ಹಾರ್ಡ್ ಡಿಸ್ಕ್‌ಗೆಂದು ಮೀಸಲಿಡಿರಿ. ಮೌಸ್, ಕೀಲಿಮಣೆ, ಪ್ರಿಂಟರ್, ಟೋಕನ್ ಇವೆಲ್ಲ ಹಬ್‌ನಲ್ಲಿರಲಿ. ಹೀಗೆ ಮಾಡಿದರೆ ನೂರಕ್ಕೆ ತೊಂಬತ್ತು ಮನೆಗಳಿಗೆ ಅಡಾಪ್ಟರ್ ಇಲ್ಲದ ಸಾಧಾರಣ ಹಬ್ ಸಾಕಾಗುತ್ತದೆಂಬುದು ನಮ್ಮ ಅಭಿಪ್ರಾಯ. ಹೆಚ್ಚಿನ ದುಡ್ಡು ಸುರಿಯಬೇಕಾದ ಕಾರಣವಿಲ್ಲ.

ಎರಡು ಡಿಸ್ಕ್‌ಗಳನ್ನು ಒಟ್ಟಿಗೆ ಜೋಡಿಸಿ ಒಂದರಿಂದ ಇನ್ನೊಂದಕ್ಕೆ ಪ್ರತಿ ಮಾಡಬೇಕಾದವರು, ಶ್ರಾವಣಮಾಸದ ಪ್ರವಚನವನ್ನು ಸಭಾಂಗಣದಿಂದ ನೇರ ಪ್ರಸಾರ ಮಾಡುವ ಯುವಕ ಸಂಘದವರು, ಸ್ಕ್ಯಾನರ್ ಕ್ಯಾಮೆರಾ ಮೈಕ್ ಎಲ್ಲವನ್ನೂ ಏಕಕಾಲಕ್ಕೆ ದುಡಿಸುವವರು, ಇವರಿಗೆ ಮಾತ್ರ ಸ್ವಂತ ಅಡಾಪ್ಟರ್ ಇರುವ ಹಬ್ ಬೇಕೇ ಬೇಕು. ಅಂತಹದನ್ನು ಕೊಳ್ಳುವಾಗ ಅಡಾಪ್ಟರಿನ ಮೈಮೇಲೆ ಬರೆದ ಸಂಖ್ಯೆಯನ್ನು ಓದಿ ಒಂದು ಸಣ್ಣ ಗುಣಾಕಾರ ಮಾಡಿರಿ. ನಾಲ್ಕು ಬಾಯಿಯ 3.0 ಹಬ್ಬಿನಲ್ಲಿ ಪ್ರತಿ ಬಾಯಿಗೂ 0.9 ಆಂಪಿಯರ್ ಎಂದರೆ ಒಟ್ಟು 3.6 ಆಂಪಿಯರ್; 5 ವೋಲ್ಟ್ 4 ಆಂಪಿಯರಿನ ಅಡಾಪ್ಟರ್ ಇದ್ದರೆ ಸರಿಹೋಯಿತು. ಏಳು ಬಾಯಿಯ ಹಬ್‌ಗೆ 5 ವೋಲ್ಟ್ 2 ಆಂಪಿಯರಿನ ಅಡಾಪ್ಟರ್ ಕೊಟ್ಟಿದ್ದರೆ, ಆ ಏಳರಲ್ಲಿ ಎರಡು ಡಿಸ್ಕ್‌ಗಳನ್ನು ಸಾಕುವಷ್ಟೇ ಶಕ್ತಿ ಅದಕ್ಕಿದೆ ಎಂದು ತಿಳಿಯಿರಿ. ಕೆಲವು ಹಬ್‌ಗಳ ಅಡಾಪ್ಟರ್ 12 ವೋಲ್ಟಿನದಾಗಿರುತ್ತದೆ. ಅದನ್ನು ಹಬ್ ತನ್ನೊಳಗೆ 5 ವೋಲ್ಟಿಗೆ ಇಳಿಸಿಕೊಳ್ಳುತ್ತದೆ. ಮನೆಯಲ್ಲಿರುವ ದುಂಡು ಪಿನ್ನಿನ ಯಾವುದೋ ಹಳೆಯ ಅಡಾಪ್ಟರ್ ಇದಕ್ಕೂ ಹೊಂದುತ್ತದೆಯೆಂದು ಚುಚ್ಚಿ ನೋಡುವ ಸಾಹಸ ಬೇಡ. ಪಿನ್ ಹೊಂದಿದರೂ ವೋಲ್ಟ್ ಹೊಂದದಿದ್ದರೆ ಹಬ್ಬಷ್ಟೇ ಅಲ್ಲ, ಅದಕ್ಕೆ ಜೋಡಿಸಿದ ವಸ್ತುಗಳೂ ಸುಡಬಹುದು. ಅಡಾಪ್ಟರಿನ ಮೇಲೆ ಭಾರತೀಯ ಮಾನಕ ಬ್ಯೂರೋದ ನೋಂದಣಿ ಗುರುತು ಇರುವುದು ನಮ್ಮ ದೇಶದಲ್ಲಿ ಕಡ್ಡಾಯ. ಅದಿಲ್ಲದ್ದನ್ನು ಮನೆಯೊಳಗೆ ತರಬೇಡಿರಿ.

ಅಡಾಪ್ಟರ್ ಇರುವ ಹಬ್ ತಂದವರೂ ನಿಶ್ಚಿಂತರಾಗುವಂತಿಲ್ಲ. ನಮ್ಮ ಊರುಗಳ ವಿದ್ಯುತ್ತಿನ ಸ್ಥಿತಿ ಎಲ್ಲರಿಗೂ ತಿಳಿದದ್ದೇ. ಕರೆಂಟ್ ಹೋದಾಗ ಲ್ಯಾಪ್‌ಟಾಪ್ ತನ್ನ ಬ್ಯಾಟರಿಯ ಮೇಲೆ ಏನೂ ಆಗದಂತೆ ನಡೆಯುತ್ತಲೇ ಇರುತ್ತದೆ. ಆದ್ದರಿಂದ ಕುಳಿತವರಿಗೆ ಅಪಾಯದ ಅರಿವಾಗುವುದಿಲ್ಲ. ಆದರೆ ಗೋಡೆಗೆ ಚುಚ್ಚಿದ ಹಬ್ಬಿನ ಅಡಾಪ್ಟರಿಗೆ ಬ್ಯಾಟರಿಯಿಲ್ಲ. ಅದು ಆ ಕ್ಷಣವೇ ಸತ್ತು, ಅದರ ಮೇಲಿದ್ದ ಡಿಸ್ಕ್‌ಗಳೆಲ್ಲ ಒಮ್ಮೆಲೇ ಕಳಚುತ್ತವೆ. ಅಂದರೆ ಸುರಕ್ಷೆಗೆಂದು ತಂದ ಹಬ್ಬೇ, ದಿನಕ್ಕೆ ನಾಲ್ಕು ಬಾರಿ ಕರೆಂಟ್ ಹೋಗುವ ಊರಿನಲ್ಲಿ, ಹೆಚ್ಚಿನ ಅಪಾಯದ ವಸ್ತುವಾಗುತ್ತದೆ. ಇದಕ್ಕೆ ಪರಿಹಾರ ಸುಲಭವಾಗಿದೆ: ಹಬ್ಬಿನ ಅಡಾಪ್ಟರನ್ನು ಯುಪಿಎಸ್ ಇರುವ ಪ್ಲಗ್ಗಿಗೇ ಹಾಕಬೇಕು. ಮನೆಯ ಇನ್ವರ್ಟರ್ ಕೆಲವೊಮ್ಮೆ ಬದಲಾಗುವಾಗ ಕಣ್ಣು ಮಿಟುಕಿಸುವಷ್ಟು ಹೊತ್ತು ತೆಗೆದುಕೊಳ್ಳುತ್ತದೆ. ದೀಪಕ್ಕೆ ಅದು ಲೆಕ್ಕಕ್ಕಿಲ್ಲ, ಡಿಸ್ಕ್‌ಗೆ ಅಷ್ಟೇ ಸಾಕು. ಇನ್ವರ್ಟರಿನಲ್ಲಿ ಯುಪಿಎಸ್ ಎಂಬ ಗುಂಡಿಯಿದ್ದರೆ ಅದನ್ನು ಆ ಸ್ಥಾನದಲ್ಲಿಡಿರಿ.

ಅಗ್ಗದ ಕೆಲವು ಹಬ್‌ಗಳಲ್ಲಿ ಇನ್ನೊಂದು ದೋಷವುಂಟು. ಅಡಾಪ್ಟರಿನಿಂದ ಬಂದ ವಿದ್ಯುತ್ತು ಉಪಕರಣಗಳ ಕಡೆಗೆ ಹೋಗಬೇಕಾದದ್ದು, ಹಿಮ್ಮುಖವಾಗಿ ಲ್ಯಾಪ್‌ಟಾಪಿನ ಕಡೆಗೂ ಹರಿಯುತ್ತದೆ. ಲ್ಯಾಪ್‌ಟಾಪನ್ನು ಆರಿಸಿದ ಮೇಲೆಯೂ ಅದರ ಯಾವುದಾದರೂ ಪುಟ್ಟ ದೀಪ ಮಂದವಾಗಿ ಉರಿಯುತ್ತಿದ್ದು, ಹಬ್ಬಿನ ತಂತಿ ಕಿತ್ತೊಡನೆ ಆರಿದರೆ, ಅಂತಹ ಹಬ್ಬನ್ನು ಅಂಗಡಿಗೆ ಹಿಂದಿರುಗಿಸುವುದು ಲೇಸು.

ವೇಗದ ಮಾತು ಇಷ್ಟು ದೀರ್ಘವಾಗಬೇಕಿಲ್ಲ. 2.0 ಎಂಬುದು ಸೆಕೆಂಡಿಗೆ 480 ಮೆಗಾಬಿಟ್, 3.0 ಎಂಬುದು 5 ಗಿಗಾಬಿಟ್; ಆಮೇಲೆ 10, 20, 40 ಗಿಗಾಬಿಟ್ಟಿನವೂ ಬಂದಿವೆ. ಕಾಗದದ ಮೇಲಿನ ಈ ಸಂಖ್ಯೆಗಳು ಬಳಕೆಯಲ್ಲಿ ಪೂರ್ತಿಯಾಗಿ ದಕ್ಕುವುದಿಲ್ಲ. 2.0 ಹಾದಿಯಲ್ಲಿ ಸೆಕೆಂಡಿಗೆ ಸುಮಾರು 35 ಮೆಗಾಬೈಟ್ ಸಾಗುತ್ತದೆಂದು ಹಿಡಿದರೆ, ಮದುವೆಯ 100 ಗಿಗಾಬೈಟ್ ವಿಡಿಯೋ ಪ್ರತಿಯಾಗಲು ಮುಕ್ಕಾಲು ಗಂಟೆಗಿಂತ ಹೆಚ್ಚು ಬೇಕು. ಅದೇ ಡಿಸ್ಕನ್ನು 3.0 ಹಾದಿಯಲ್ಲಿ ಹಾಕಿದರೆ ಡಿಸ್ಕಿನ ತಟ್ಟೆ ತಿರುಗುವ ವೇಗವೇ ಮಿತಿಯಾಗಿ, ಸೆಕೆಂಡಿಗೆ 120 ಮೆಗಾಬೈಟಿನಂತೆ ಕಾಲು ಗಂಟೆಯೊಳಗೆ ಮುಗಿಯುತ್ತದೆ. ತಟ್ಟೆಯಿರುವ ಡಿಸ್ಕ್‌ಗೆ 10 ಗಿಗಾಬಿಟ್ಟಿನ ಹಬ್ ತಂದರೂ ಅದು ಇದಕ್ಕಿಂತ ಬೇಗನೆ ಓಡಲಾರದು. ತಟ್ಟೆಯಿಲ್ಲದ ಎಸ್‌ಎಸ್‌ಡಿ ಇಟ್ಟುಕೊಂಡವರು ಮಾತ್ರ 10 ಗಿಗಾಬಿಟ್ಟಿನ ಕಡೆ ನೋಡಬಹುದು, ಅದೂ ಲ್ಯಾಪ್‌ಟಾಪಿನ ಕಿಂಡಿಗೂ ಆ ಶಕ್ತಿಯಿದ್ದರೆ. ಕೀಲಿಮಣೆ, ಮೌಸ್, ಟೋಕನ್ ಇವಷ್ಟೇ ಇರುವ ಮನೆಗೆ ಹಳೆಯ 2.0 ಹಬ್ಬೇ ಧಾರಾಳವಾಯಿತು.

ಅನೇಕರಿಗೆ ಒಂದು ಸಂದೇಹವಿದೆ: 3.0 ಹಬ್ಬಿನಲ್ಲಿ ಒಂದು ನಿಧಾನಗತಿಯ ಮೌಸ್ ಹಾಕಿದರೆ ಡಿಸ್ಕೂ ನಿಧಾನವಾಗುವುದಲ್ಲವೆ ಎಂದು. ಆಗುವುದಿಲ್ಲ. 3.0 ಹಬ್ಬಿನೊಳಗೆ ಹೊಸ ಹಾದಿಯೂ ಹಳೆಯ ಹಾದಿಯೂ ಬೇರೆ ಬೇರೆ ತಂತಿಗಳಲ್ಲಿ ಜೊತೆಜೊತೆಯಾಗಿ ಹೋಗುತ್ತವೆ. ಚಕ್ಕಡಿ ಹಾದಿ ಬೇರೆ, ಡಾಂಬರು ರಸ್ತೆ ಬೇರೆ. ಎರಡು ಡಿಸ್ಕ್‌ಗಳು ಒಂದೇ ಡಾಂಬರು ರಸ್ತೆಯಲ್ಲಿ ಹೊರಟಾಗ ಮಾತ್ರ ಅವು ಪರಸ್ಪರ ವೇಗವನ್ನು ಹಂಚಿಕೊಳ್ಳುತ್ತವೆ.

ಅಂಗಡಿಯಲ್ಲಿ ಗುರುತಿಸುವ ಬಗೆ ಹೀಗೆ. 3.0 ಕಿಂಡಿಯೊಳಗಿನ ಪ್ಲಾಸ್ಟಿಕ್ ನಾಲಗೆ ಸಾಮಾನ್ಯವಾಗಿ ನೀಲಿಯಾಗಿರುತ್ತದೆ, 2.0 ಆದರೆ ಕಪ್ಪು ಅಥವಾ ಬಿಳಿ. ಬಣ್ಣವು ರೂಢಿಯೇ ಹೊರತು ಕಡ್ಡಾಯವಲ್ಲ. ಆದ್ದರಿಂದ ಪೆಟ್ಟಿಗೆಯ ಮೇಲಿನ ಬರಹವನ್ನೂ ಓದಬೇಕು. ‘3.0 ಹಬ್’ ಎಂದು ದೊಡ್ಡ ಅಕ್ಷರದಲ್ಲಿ ಬರೆದು, ನಾಲ್ಕರಲ್ಲಿ ಒಂದು ಬಾಯಿಯನ್ನು ಮಾತ್ರ 3.0 ಮಾಡಿ, ಉಳಿದ ಮೂರನ್ನು 2.0 ಮಾಡಿರುವ ಮಾಲು ಮಾರುಕಟ್ಟೆಯಲ್ಲಿ ಬೇಕಾದಷ್ಟಿದೆ. ಅದು ಮೋಸವೆಂದೇನೂ ಅಲ್ಲ, ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಆದರೆ ಆ ಸಣ್ಣ ಅಕ್ಷರವನ್ನು ಓದಲು ನಮ್ಮ ವಯಸ್ಸಿನವರು ಕನ್ನಡಕ ತೆಗೆದುಕೊಂಡೇ ಹೋಗಬೇಕಾಗುತ್ತದೆ.

ಟೈಪ್-ಸಿ ಕಿಂಡಿಗೆ ಹಾಕುವ ಬಹುಮುಖಿ ಹಬ್‌ಗಳ ವಿಚಾರ ಸ್ವಲ್ಪ ಜಟಿಲ. ಒಂದೇ ಪೆಟ್ಟಿಗೆಯಲ್ಲಿ ಯುಎಸ್‌ಬಿ ಬಾಯಿಗಳು, ಟಿವಿಗೆ ಜೋಡಿಸುವ ಎಚ್‌ಡಿಎಂಐ, ಇಂಟರ್‌ನೆಟ್ಟಿನ ತಂತಿಯ ಕಿಂಡಿ, ಕ್ಯಾಮೆರಾದ ಕಾರ್ಡ್ ಹಾಕುವ ಸಂದು, ಚಾರ್ಜರ್ ಚುಚ್ಚುವ ಜಾಗ ಎಲ್ಲವೂ ಇರುತ್ತವೆ. ಮನೆಯಿಂದಲೇ ಕಚೇರಿಯ ಕೆಲಸ ಮಾಡುವ ಮಗ ಸೊಸೆಯಂದಿರಿಗೆ ಇದು ಅನುಕೂಲವೇ. ಆದರೆ ಹಣ ಕೊಡುವ ಮುನ್ನ ಮೂರು ಸಂಗತಿಗಳನ್ನು ಖಚಿತಪಡಿಸಿಕೊಳ್ಳಬೇಕು.

ಎಲ್ಲ ಟೈಪ್-ಸಿ ಕಿಂಡಿಗಳೂ ಆಕಾರದಲ್ಲಿ ಒಂದೇ ಆಗಿದ್ದರೂ ಗುಣದಲ್ಲಿ ಒಂದೇ ಅಲ್ಲ. ಕೆಲವು ದತ್ತಾಂಶವನ್ನಷ್ಟೇ ಸಾಗಿಸುತ್ತವೆ, ಕೆಲವು ಪರದೆಯ ಚಿತ್ರವನ್ನೂ ಕಳಿಸುತ್ತವೆ, ಕೆಲವು ಚಾರ್ಜನ್ನೂ ಸ್ವೀಕರಿಸುತ್ತವೆ. ಕಿಂಡಿಯ ಪಕ್ಕದಲ್ಲಿ ಡಿಸ್‌ಪ್ಲೇಪೋರ್ಟಿನ ಗುರುತಾದ, ಡಿ ಮತ್ತು ಪಿ ಅಕ್ಷರಗಳು ಬೆಸೆದಂತಿರುವ ಚಿಹ್ನೆಯೋ ಮಿಂಚಿನ ಚಿಹ್ನೆಯ ಥಂಡರ್‌ಬೋಲ್ಟ್ ಗುರುತೋ ಇದ್ದರೆ ಚಿತ್ರ ಬರುತ್ತದೆ. ಗುರುತಿಲ್ಲದಿದ್ದರೆ ಲ್ಯಾಪ್‌ಟಾಪಿನ ಕೈಪಿಡಿಯಲ್ಲಿ ಆ ಮಾದರಿಯ ವಿವರ ನೋಡಬೇಕು. ಚಿತ್ರ ಕಳಿಸದ ಕಿಂಡಿಗೆ ಎಷ್ಟೇ ಬೆಲೆಯ ಇಂತಹ ಹಬ್ ಹಾಕಿದರೂ ಟಿವಿ ಕಪ್ಪಾಗಿಯೇ ಇರುತ್ತದೆ, ದೋಷ ಹಬ್ಬಿನದಲ್ಲ.

ಚಾರ್ಜರಿನ ವಿಷಯದಲ್ಲಿ ‘100 ವ್ಯಾಟ್’ ಎಂಬ ಬರಹ ಅನೇಕರನ್ನು ತಪ್ಪುದಾರಿಗೆ ಎಳೆಯುತ್ತದೆ. ಹಬ್ 100 ವ್ಯಾಟ್ ಉತ್ಪಾದಿಸುತ್ತದೆಂದು ಅದರ ಅರ್ಥವಲ್ಲ. ನೀವು ಚುಚ್ಚುವ ಚಾರ್ಜರಿನಿಂದ ಗರಿಷ್ಠ ಅಷ್ಟನ್ನು ತನ್ನ ಮೂಲಕ ಹಾಯಿಸಬಲ್ಲದು ಎಂದಷ್ಟೇ. ಆ ಹಾಯಿಸುವಿಕೆಯಲ್ಲಿ ಹಬ್ ತನಗೂ ತನ್ನ ಬಾಯಿಗಳಿಗೂ ಸಾಮಾನ್ಯವಾಗಿ 10ರಿಂದ 15 ವ್ಯಾಟ್ ತೆಗೆದಿರಿಸಿಕೊಳ್ಳುತ್ತದೆ. 65 ವ್ಯಾಟಿನ ಚಾರ್ಜರ್ ಹಾಕಿದರೆ ಲ್ಯಾಪ್‌ಟಾಪ್ ಮುಟ್ಟುವುದು ಸುಮಾರು 50. ಬರವಣಿಗೆಯ ಕೆಲಸಕ್ಕೆ ಅದು ಸಾಕು; ವಿಡಿಯೋ ಸಂಕಲನದಂತಹ ಭಾರದ ಕೆಲಸದಲ್ಲಿ ಚಾರ್ಜರ್ ಹಾಕಿದ್ದರೂ ಬ್ಯಾಟರಿ ಇಳಿಯುತ್ತ ಹೋಗಬಹುದು. ಇಲ್ಲಿಯೂ ಡಿಸ್ಕಿನ ಅಪಾಯ ಒಂದಿದೆ. ಚಾರ್ಜರ್ ಚುಚ್ಚಿದಾಗ ಅಥವಾ ಕಿತ್ತಾಗ, ವಿದ್ಯುತ್ತನ್ನು ಯಾರು ಯಾರಿಗೆ ಕೊಡಬೇಕೆಂದು ಹಬ್ಬೂ ಲ್ಯಾಪ್‌ಟಾಪೂ ಮತ್ತೊಮ್ಮೆ ಒಪ್ಪಂದ ಮಾಡಿಕೊಳ್ಳುತ್ತವೆ. ಆ ಅರೆಕ್ಷಣದಲ್ಲಿ ಅನೇಕ ಹಬ್‌ಗಳು ಎಲ್ಲ ಬಾಯಿಗಳನ್ನೂ ಮುಚ್ಚಿ ತೆರೆಯುತ್ತವೆ. ಕರೆಂಟ್ ಹೋಗುವುದೆಂದರೂ ಚಾರ್ಜರ್ ಕಿತ್ತಂತೆಯೇ. ಪ್ರತಿ ಮಾಡುವ ಕೆಲಸ ನಡೆದಿರುವಾಗ ಈ ಹಬ್ಬಿನ ಚಾರ್ಜರನ್ನು ಮುಟ್ಟಬಾರದೆಂದು ಮಕ್ಕಳಿಗೆ ಹೇಳಿಡಿರಿ. ಮನೆಯಲ್ಲಿ ಕುಳಿತೇ ಪರೀಕ್ಷೆ ಬರೆಯುವ, ಸಂದರ್ಶನ ಕೊಡುವ ಮಕ್ಕಳೂ ಅಷ್ಟೇ. ಇಂಟರ್‌ನೆಟ್ಟಿನ ತಂತಿಯೂ ಕ್ಯಾಮೆರಾವೂ ಈ ಹಬ್ಬಿನ ಮೇಲಿದ್ದರೆ ಆ ಅರೆಕ್ಷಣ ಸಾಕು, ಮಾತಿನ ನಡುವೆ ಸಂಪರ್ಕ ತಪ್ಪಲು. ಆ ಹೊತ್ತಿಗೆ ಲ್ಯಾಪ್‌ಟಾಪಿನ ಸ್ವಂತ ಕ್ಯಾಮೆರಾವನ್ನೇ ನಂಬುವುದು ಮೇಲು.

ಮೂರನೆಯದು ಪರದೆಯ ಗುಣಮಟ್ಟ. ಅಗ್ಗದ ಬಹುಮುಖಿ ಹಬ್‌ಗಳು ‘4ಕೆ’ ಎಂದು ಹೆಮ್ಮೆಯಿಂದ ಬರೆದುಕೊಂಡರೂ, ಅದರ ಮುಂದೆ 30 ಹರ್ಟ್ಸ್ ಎಂದಿರುತ್ತದೆ. ಸೆಕೆಂಡಿಗೆ ಮೂವತ್ತೇ ಚಿತ್ರ ಬದಲಾಗುವುದರಿಂದ ಮೌಸಿನ ಬಾಣ ತಡವರಿಸಿದಂತೆ ಕಾಣುತ್ತದೆ. ದಿನವಿಡೀ ಕೆಲಸ ಮಾಡುವವರ ಕಣ್ಣಿಗೆ ಹಿತವಲ್ಲ. 60 ಹರ್ಟ್ಸ್ ಎಂದು ಸ್ಪಷ್ಟವಾಗಿ ಬರೆದದ್ದನ್ನು ಕೇಳಬೇಕು. ಸಾಧಾರಣ 1080 ದರ್ಜೆಯ ಟಿವಿ ಇರುವವರಿಗೆ ಈ ಚಿಂತೆಯಿಲ್ಲ. ಎರಡು ಹೊರಗಿನ ಪರದೆ ಬೇಕೆನ್ನುವವರಲ್ಲಿ ಮ್ಯಾಕ್ ಬಳಸುವವರು ವಿಶೇಷ ಎಚ್ಚರ ವಹಿಸಬೇಕು. ವಿಂಡೋಸ್‌ನಲ್ಲಿ ಎರಡು ಪರದೆಗಳಿಗೆ ಬೇರೆ ಬೇರೆ ಚಿತ್ರ ಕೊಡುವ ಅನೇಕ ಹಬ್‌ಗಳು ಮ್ಯಾಕ್‌ನಲ್ಲಿ ಎರಡಕ್ಕೂ ಒಂದೇ ಚಿತ್ರ ಕೊಟ್ಟು ಕೈ ಚೆಲ್ಲುತ್ತವೆ.

ಇಂಟರ್‌ನೆಟ್ಟಿನ ತಂತಿಯ ಕಿಂಡಿಯುಳ್ಳ ಬಹುಮುಖಿ ಹಬ್ ಕೆಲಸದಲ್ಲಿದ್ದಾಗ ಚೆನ್ನಾಗಿ ಬಿಸಿಯಾಗುತ್ತದೆ. ಮುಟ್ಟಿದರೆ ಬೆಚ್ಚಗಿರುವುದು ಸಹಜ. ಕೈಯಿಡಲಾಗದಷ್ಟು ಸುಡುವುದು ಸಹಜವಲ್ಲ. ಹಾಸಿಗೆಯ ಮೇಲೆ, ದಿಂಬಿನ ಕೆಳಗೆ ಇಡಬಾರದು.

ತಂತಿಯಿಲ್ಲದ ಮೌಸ್ ಬಳಸುವವರು ಅನುಭವಿಸುವ ಒಂದು ವಿಚಿತ್ರ ತೊಂದರೆಯನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. 3.0 ಹಬ್ಬಿನಲ್ಲಿ ಡಿಸ್ಕ್ ಓಡುತ್ತಿರುವಾಗ ಪಕ್ಕದ ಬಾಯಿಯಲ್ಲಿ ಮೌಸಿನ ಪುಟ್ಟ ಗ್ರಾಹಕವಿದ್ದರೆ ಮೌಸ್ ತಡೆದು ತಡೆದು ಚಲಿಸುತ್ತದೆ. ಮೌಸ್ ಕೆಟ್ಟಿತೆಂದು ಹೊಸದು ತಂದರೂ ಅದೇ ಪಾಡು. 3.0 ತಂತಿಗಳಲ್ಲಿ ದತ್ತಾಂಶ ಹರಿಯುವಾಗ 2.4 ಗಿಗಾಹರ್ಟ್ಸ್ ಸುತ್ತಮುತ್ತ ರೇಡಿಯೋ ಗದ್ದಲ ಹೊರಡುತ್ತದೆ, ಮೌಸ್ ಮಾತಾಡುವುದೂ ಅದೇ ಅಲೆಗಳಲ್ಲಿ. ಇಂಟೆಲ್ ಸಂಸ್ಥೆಯೇ 2012ರಲ್ಲಿ ಇದನ್ನು ವಿವರಿಸಿ ಪ್ರಕಟಿಸಿತ್ತು. ಗ್ರಾಹಕವನ್ನು ಲ್ಯಾಪ್‌ಟಾಪಿನ ಮತ್ತೊಂದು ಮಗ್ಗುಲಿನ ಕಿಂಡಿಗೆ ಹಾಕಿದರೆ ಅಥವಾ ಒಂದು ಗೇಣಿನ ವಿಸ್ತರಣೆಯ ತಂತಿಯಿಂದ ದೂರ ಸರಿಸಿದರೆ ಮೌಸ್ ತಾನಾಗಿ ಸರಿಹೋಗುತ್ತದೆ.

ಒಂದು ಹಬ್‌ಗೆ ಇನ್ನೊಂದು ಹಬ್ ಸೇರಿಸಬಹುದೆ? ನಿಯಮಾವಳಿಯು ಒಂದರ ಹಿಂದೊಂದು ಐದರವರೆಗೆ ಒಪ್ಪುತ್ತದೆ, ಒಟ್ಟು 127 ಉಪಕರಣಗಳವರೆಗೂ ಒಪ್ಪುತ್ತದೆ. ನಮ್ಮ ಸಲಹೆ, ಎರಡನೆಯದಕ್ಕೇ ನಿಲ್ಲಿಸುವುದು, ಅದೂ ಎರಡನೆಯದಕ್ಕೆ ಸ್ವಂತ ಅಡಾಪ್ಟರ್ ಇದ್ದರೆ.

ಕೊಳ್ಳಲು ಹೊರಡುವ ಮುನ್ನ ಮನೆಯಲ್ಲಿ ಎಲ್ಲರೂ ಕುಳಿತು, ಯಾವ ಯಾವ ವಸ್ತುಗಳನ್ನು ಏಕಕಾಲಕ್ಕೆ ಜೋಡಿಸಬೇಕಾಗುವುದೆಂದು ಬರೆದುಕೊಳ್ಳಿರಿ. ಇರುವ ವಸ್ತುಗಳೆಲ್ಲವನ್ನೂ ಅಲ್ಲ. ಪಟ್ಟಿ ಅರ್ಧಕ್ಕಿಳಿಯುವುದನ್ನು ನೀವೇ ಕಾಣುವಿರಿ. ಅದಕ್ಕೆ ಒಂದು ಬಾಯಿ ಹೆಚ್ಚಿಗೆ ಇರುವ ಹಬ್ ಸಾಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಳ್ಳಿರಿ, ಹುಬ್ಬಳ್ಳಿಯ ಕೊಪ್ಪೀಕರ ರಸ್ತೆಯಲ್ಲಿ ಕೊಳ್ಳಿರಿ, ಅಂಚೆಯಲ್ಲಿ ತರಿಸಿಕೊಳ್ಳಿರಿ; ಬಿಲ್ಲನ್ನೂ ವಾರಂಟಿಯ ಚೀಟಿಯನ್ನೂ ಪಡೆಯದೆ ಬರಬೇಡಿರಿ. ಅಂಗಡಿಗೆ ಹೋಗುವುದಾದರೆ ಲ್ಯಾಪ್‌ಟಾಪನ್ನೂ ಡಿಸ್ಕನ್ನೂ ಜೊತೆಗೆ ಒಯ್ಯಿರಿ. ಆ ಡಿಸ್ಕಿನಲ್ಲಿರುವುದರ ಇನ್ನೊಂದು ಪ್ರತಿ ಮನೆಯಲ್ಲಿರಲಿ. ಹಬ್ಬಿನ ಎಲ್ಲ ಬಾಯಿಗಳಿಗೂ ಏನನ್ನಾದರೂ ಚುಚ್ಚಿ, ಒಂದು ದೊಡ್ಡ ಕಡತವನ್ನು ಪ್ರತಿ ಮಾಡಲು ಹಚ್ಚಿ, ಹತ್ತು ನಿಮಿಷ ಅಲ್ಲಿಯೇ ಕುಳಿತು ನೋಡಿರಿ. ನಡುವೆ ಡಿಸ್ಕ್ ಮಾಯವಾದರೆ, ವಿಂಡೋಸಿನ ಮೂಲೆಯಲ್ಲಿ ಹಬ್ಬಿನ ವಿದ್ಯುತ್ತು ಮಿತಿಮೀರಿತೆಂಬ ಎಚ್ಚರಿಕೆ ಕಂಡರೆ, ಆ ಹಬ್ ನಿಮಗಲ್ಲ. ಒಳ್ಳೆಯ ವ್ಯಾಪಾರಿ ಇದಕ್ಕೆ ಬೇಸರಪಡುವುದಿಲ್ಲ. ಒಂದು ಲೋಟ ಚಹಾ ತರಿಸಿದರೂ ತರಿಸಿಯಾನು.